ಭಾನುವಾರ ಕಾಕಾ ಮನೆ ಮಾಳಿಗೆಯಲ್ಲಿ ಸೇರೋಣ

ಎಲ್ಲರಿಗೂ ನಮಸ್ಕಾರ. ಇಂಜಿನಿಯರ್ ಕಾಕಾ ಹೋಗಿ ಈ ಭಾನುವಾರಕ್ಕೆ ತಿಂಗಳು. ಸಂಜೆ 5ಕ್ಕೆ ಬೀದರ್‌ನ ಅವರ ಮನೆ ಮಾಳಿಗೆಯಲ್ಲಿ ಸೇರೋಣ. ಮಾಳಿಗೆ ಯಾಕೆ ಅಂತ ಗೊತ್ತಲ್ವಾ? ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕಿರಣ್ ತರಬೇತಿ ವಿಮಾನಗಳ ಮೇಲೆ ದುಡಿದವರು ಅವರು. ಅದೇ ಕಿರಣ್‌ಗಳಲ್ಲಿ ಆಕಾಶದ ಕಸರತ್ತು ತೋರಿಸುತ್ತಿದ್ದ ವಾಯುಪಡೆಯ ಸೂರ್ಯಕಿರಣ್ ತಂಡ 1996ರಲ್ಲಿ ನಮ್ಮೂರಲ್ಲೇ ಶುರುವಾಯಿತು ಅಂತ ಭಾರೀ ಹೆಮ್ಮೆ. ಆಕಾಶದಲ್ಲಿ ಸದ್ದು ಕೇಳಿದರೆ ಸಾಕು, ಚಹಾ ಬಸಿಯಲ್ಲೇ ಬಿಟ್ಟು ಮೊಮ್ಮಗಳನ್ನು ಎತ್ತಿಕೊಂಡು ಮೇಲೆ ಓಡುತ್ತಿದ್ದರು. ಕಣ್ಣು ಮುಚ್ಚಿಕೊಂಡೇ ‘ಇದು ಕಿರಣ್ ಅಲ್ಲ, ಹಾಕ್’ ಅನ್ನುತ್ತಿದ್ದರು. ಮನೆಯ ಮಿಕ್ಸರ್ ಮಾತ್ರ ಒಂದು ಸಲವೂ ರಿಪೇರಿ ಮಾಡಿಕೊಡಲಿಲ್ಲವಂತೆ. ಕಾಕು ಈಗಲೂ ಹೇಳಿ ನಗುತ್ತಾರೆ, ಆಮೇಲೆ ಸುಮ್ನೆ ಕೂತುಬಿಡುತ್ತಾರೆ.

ಹಾರ ತರಬೇಡಿ. ಹಳೇ ಫೋಟೊ ಇದ್ದರೆ ಇಲ್ಲೇ ಹಾಕಿ. ರೊಟ್ಟಿ ಊಟ ಅಲ್ಲೇ ಇದೆ, ಎಷ್ಟು ಜನ ಬರುತ್ತೀರಿ ಅಂತ ಶುಕ್ರವಾರದೊಳಗೆ ತಿಳಿಸಿ.