ಸ್ಲಾಟ್ ಬೈಕ್ ಕಟ್ಟುವವರ ಗಮನಕ್ಕೆ

ಗೆಳೆಯರೇ, ಮುಂದಿನ ಓಟಕ್ಕೆ ಸ್ಲಾಟ್ ಬೈಕನ್ನು (ಟ್ರ್ಯಾಕಿನ ಸ್ಲಾಟ್, ಅಂದರೆ ಸೀಳಿನ ಜಾಡು ಹಿಡಿದು ಕರೆಂಟಿನಲ್ಲಿ ಓಡುವ ಪುಟ್ಟ ಮಾದರಿ ಬೈಕು) ಸ್ವಂತವಾಗಿ ಕಟ್ಟುತ್ತಿರುವವರು ಇದನ್ನೊಮ್ಮೆ ಓದಿಕೊಳ್ಳಿ.

1/32 ಅಳತೆಯ (ನಿಜವಾದ ಬೈಕಿನ 32ರಲ್ಲಿ ಒಂದು ಪಾಲು ಉದ್ದದ) ಬೈಕು ಸ್ಲಾಟ್ ಕಾರಿನ ಹಾಗಲ್ಲ. ಅಗಲವೇ ಇಲ್ಲ, ತಿರುವಿನಲ್ಲಿ ಮಗುಚುತ್ತದೆ. ಹಾಗಾಗಿ ಭಾರವೆಲ್ಲ ಕೆಳಗಿರಲಿ. ಹಿತ್ತಾಳೆ ಪಟ್ಟಿಯ ಚಾಸಿ (ತಳದ ಚೌಕಟ್ಟು) ಮಾಡಿ, ಅದಕ್ಕೆ ತೆಳು ಸೀಸದ ತುಂಡು ಅಂಟಿಸಿ (ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ). ಸವಾರನ ಬೊಂಬೆ ಮಾತ್ರ ಆದಷ್ಟು ಹಗುರ ಇರಬೇಕು. ನನ್ನ ಮೊದಲ ಬೈಕಿನ ಮೇಲೆ ಗಟ್ಟಿ ರೆಸಿನ್ ಸವಾರನನ್ನು ಕೂರಿಸಿದ್ದೆ. ನೋಡಲು ಚೆಂದ, ಮೊದಲ ತಿರುವಿನಲ್ಲೇ ಅಂಗಾತ!

ಗೈಡ್ (ಬೈಕಿನ ಮುಂಭಾಗದಲ್ಲಿ ಕೆಳಗೆ ಚಾಚಿರುವ ನಾಲಿಗೆಯಂಥ ತುಂಡು) ಸ್ಲಾಟಿನೊಳಗೆ ಸರಿಯಾಗಿ ಇಳಿದು ಸಲೀಸಾಗಿ ತಿರುಗಬೇಕು. ಬ್ರೇಡ್ (ಟ್ರ್ಯಾಕಿನಿಂದ ಕರೆಂಟು ತೆಗೆದುಕೊಳ್ಳುವ ಹೆಣೆದ ತಂತಿ) ಕೆಳಕ್ಕೆ ಜಾಸ್ತಿ ಬಗ್ಗಿಸಿದರೆ ಬೈಕು ಮೂತಿ ಎತ್ತುತ್ತದೆ, ಗೈಡ್ ಹೊರಗೆ ಬರುತ್ತದೆ. ಮುಂದಿನ ಚಕ್ರ ಟ್ರ್ಯಾಕಿಗೆ ತಾಗಿಯೂ ತಾಗದ ಹಾಗಿದ್ದರೆ ಸಾಕು, ಅದು ಹೆಚ್ಚುಕಡಿಮೆ ಅಲಂಕಾರಕ್ಕೇ ಅಲ್ವಾ?

ಹಿಂದಿನ ಟೈರನ್ನು ಮೆಲ್ಲಗೆ ತಿರುಗಿಸುತ್ತಾ ಮರಳು ಕಾಗದಕ್ಕೆ ಹಿಡಿದು ಗುಂಡಗೆ ಮಾಡಿ. 9 ಹಲ್ಲಿನ ಪಿನಿಯನ್‌ಗೆ (ಮೋಟಾರಿನ ಚಿಕ್ಕ ಗೇರ್) ಹಿಂದಿನ ಚಕ್ರದಲ್ಲಿ 27 ಹಲ್ಲಿನ ಗೇರ್ ಹಾಕಿದರೆ, ಚಕ್ರ ಒಂದು ಸುತ್ತು ತಿರುಗಲು ಮೋಟಾರು 3 ಸುತ್ತು ತಿರುಗುತ್ತದೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಗೇರ್ ಕಿರುಗುಟ್ಟಿದರೆ ಬಿಗಿ ಹೆಚ್ಚಾಗಿರಬಹುದು, ಒಂಚೂರು ಸಡಿಲಿಸಿ.

ಬೈಕನ್ನು ಟ್ರ್ಯಾಕಿಗೆ ಎಳೆದು ಹಿಡಿಯುವ ಮ್ಯಾಗ್ನೆಟ್ ಕೊನೆಗೆ ಹಾಕಿ. ಮೊದಲೇ ಹಾಕಿದರೆ ಬೈಕಿನ ತಪ್ಪುಗಳು ಕಾಣುವುದೇ ಇಲ್ಲ. ಚಾಸಿ ಫೋಟೋ ಇದ್ದವರು ಇಲ್ಲೇ ಹಾಕಿ, ನೋಡೋಣ.