ತೇಗದ ಕಟ್ಟಿನ ಹೆಸರಲ್ಲಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಕಿ, ಚಿತ್ರವನ್ನೂ ಕೆಡಿಸಿರುವ ಬಗ್ಗೆ ದೂರು

ಇವರಿಗೆ,
ಮಾಲೀಕರು,
ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ,
ಮೈಸೂರು

ಮಾನ್ಯರೇ,

ನಮ್ಮ ಅತ್ತೆಯವರು ಬರೆದ ಮೈಸೂರು ಶೈಲಿಯ ರಾಜರಾಜೇಶ್ವರಿ ಚಿತ್ರವನ್ನು ಕಟ್ಟು ಹಾಕಲು ನಿಮಗೆ ಕೊಟ್ಟಿದ್ದೆ. ಅಗಲ 18 ಇಂಚು, ಎತ್ತರ 24 ಇಂಚು. ರಸೀದಿಯಲ್ಲಿ ನಿಮ್ಮ ಕೈಯಲ್ಲೇ ಬರೆದಿದ್ದೀರಿ: "ತೇಗ, ಕೈಕೆಲಸ, ಮೌಂಟ್ ಸಮೇತ." 7,200 ರೂಪಾಯಿ ಪೂರ್ತಿ ಕೊಟ್ಟಾಗಿದೆ. ಬಬಲ್ ಶೀಟ್ ಸುತ್ತಿ ಕೊಟ್ಟಿದ್ದರಿಂದ ಅಂಗಡಿಯಲ್ಲಿ ಏನೂ ಗೊತ್ತಾಗಲಿಲ್ಲ. ಮನೆಗೆ ತಂದು ಬಿಚ್ಚಿದರೆ ತೇಗವೂ ಇಲ್ಲ, ಕೈಕೆಲಸವೂ ಇಲ್ಲ, ಚಿತ್ರಕ್ಕೂ ಗಾಜಿಗೂ ನಡುವೆ ಇಡುವ ದಪ್ಪ ಕಾಗದದ ಮೌಂಟ್ ಅಂತೂ ಇಲ್ಲವೇ ಇಲ್ಲ.

ಮರದ ವಿಷಯ ಬೇಗ ಮುಗಿಸುತ್ತೇನೆ. ಕಟ್ಟಿನ ಮೇಲೆ ಒಂದು ಗಂಟು ಕಾಣುತ್ತದೆ. ಅದೇ ಗಂಟು, ಅದೇ ಸುತ್ತು, ಗೇಣಿಗೊಂದರಂತೆ ನಾಲ್ಕೂ ಕಡೆ ಬಂದಿದೆ. ಯಾವ ಮರ ಹಾಗೆ ಬೆಳೆಯುತ್ತದೆ ಹೇಳಿ? ಮೂಲೆಯಲ್ಲಿ ಉಗುರು ತಾಗಿಸಿದರೆ ಮರದ ಚಿತ್ರವಿರುವ ಹಾಳೆ ಸಿಪ್ಪೆಯಂತೆ ಏಳುತ್ತದೆ, ಒಳಗೆ ಎಂಡಿಎಫ್ ಪುಡಿ. ಕೈಯಲ್ಲಿ ಮಾಡಿದ ಕಟ್ಟಾಗಿದ್ದು ಮೂಲೆ ಕೂಡಿಕೆ ಒಂದು ಕೂದಲೆಳೆ ಆಚೀಚೆ ಆಗಿದ್ದರೆ ನಾನು ಸುಮ್ನೆ ಇರುತ್ತಿದ್ದೆ. ಇದು ರೆಡಿಮೇಡ್ ಪಟ್ಟಿ ಕತ್ತರಿಸಿ ಮೊಳೆ ಹೊಡೆದದ್ದು.

ಕಟ್ಟನ್ನು ಬದಲಾಯಿಸಬಹುದು. ಚಿತ್ರದ ಗತಿ ಏನು?

ಮೈಸೂರು ಚಿತ್ರದಲ್ಲಿ ಒಡವೆ, ಕಿರೀಟ, ಸೀರೆಯ ಅಂಚು ಇವೆಲ್ಲ ಗೆಸ್ಸೋ ಕೆಲಸ. ಬಿಳಿ ಲೇಪದಲ್ಲಿ ಸಣ್ಣಗೆ ಉಬ್ಬು ಎತ್ತಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರು ಚಿತ್ರದಷ್ಟು ಉಬ್ಬು ಇರುವುದಿಲ್ಲ, ನಿಜ. ಹಾಗಂತ ಪ್ರಿಂಟ್ ಹಾಳೆಯ ಥರ ಗಾಜಿಗೆ ಒತ್ತಿಬಿಡುವುದಾ? ಮಧ್ಯೆ ಮೌಂಟ್ ಇಲ್ಲ, ಗಾಜನ್ನು ಚಿತ್ರದಿಂದ ದೂರ ಇಡುವ ಸ್ಪೇಸರ್ ಪಟ್ಟಿಯೂ ಇಲ್ಲ. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರೆ ಕಿರೀಟದ ತುದಿ ಮತ್ತು ಕಂಠೀಹಾರ ಗಾಜಿಗೆ ಅಂಟಿರುವುದು ಸ್ಪಷ್ಟವಾಗಿ ಕಾಣುತ್ತದೆ. ಒಂದು ಕಡೆ ರೇಕು ಆಗಲೇ ಎದ್ದಿದೆ. ಮಳೆಗಾಲದಲ್ಲಿ ಗಾಜಿನ ಒಳಗೆ ಪಸೆ ಕೂತರೆ ನೀರಿನ ಬಣ್ಣದ ಚಿತ್ರ ಎಷ್ಟು ದಿನ ಉಳಿಯುತ್ತದೆ?

ಇದಕ್ಕಿಂತ ದೊಡ್ಡ ತಪ್ಪು ಹಿಂದೆ ಇದೆ. ಕಂದು ಟೇಪ್ ಬಿಡಿಸಿ ನೋಡಿದೆ. ಚಿತ್ರದ ಕಾಗದವನ್ನು ಹಾರ್ಡ್‌ಬೋರ್ಡಿಗೆ ಪೂರ್ತಿ ಅಂಟು ಬಳಿದು ಮೆತ್ತಿದ್ದೀರಿ. ದೇವಿಯ ಪಾದದ ಹತ್ತಿರ ಗುಳ್ಳೆ ಎದ್ದಿದೆ. ಅಂಟಿಸಲು ನಾವು ಹೇಳಿರಲಿಲ್ಲ, ನೀವು ಕೇಳಲೂ ಇಲ್ಲ.

ಫೋನ್ ಮಾಡಿದಾಗ ನಿಮ್ಮ ಹುಡುಗ ಕೊಟ್ಟ ಉತ್ತರ: "ಅಂಟಿಸಿದ್ರೆ ಅಲುಗಾಡಲ್ಲ ಮೇಡಂ, ಒಳ್ಳೇದೇ ಅಲ್ವಾ?" 2005ರಲ್ಲೇ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕ ಕಲೆ ಇದು. ಇಂಥ ಚಿತ್ರವನ್ನು ಹೀಗೆ ಅಂಟಿಸಬಾರದು ಅಂತ ಮೈಸೂರಿನಲ್ಲೇ ಅಂಗಡಿ ಇಟ್ಟವರಿಗೆ ಗಿರಾಕಿ ಹೇಳಿಕೊಡಬೇಕಾ?

ಈಗ ಆಗಬೇಕಾದದ್ದು ಇಷ್ಟು. ಗಾಜನ್ನು ನೀವು ತೆಗೆಯಬೇಡಿ. ಗೆಸ್ಸೋ ಕೆಲಸ ಬಲ್ಲ ಕಲಾವಿದರೊಬ್ಬರಿಂದ, ಅತ್ತೆಯವರ ಎದುರಿಗೇ, ತೆಗೆಸಬೇಕು. ಎದ್ದ ರೇಕನ್ನು ಸರಿಮಾಡಿಸುವ ಖರ್ಚು ನಿಮ್ಮದು. ಹಾರ್ಡ್‌ಬೋರ್ಡಿನಿಂದ ಕಾಗದ ಬಿಡಿಸಲು ಆಗುತ್ತದೋ ಇಲ್ಲವೋ ಆ ಕಲಾವಿದರೇ ಹೇಳಲಿ. ಬಲವಂತ ಮಾಡುವುದು ಬೇಡ. ಕಟ್ಟಿನ ಹಣ 7,200 ವಾಪಸ್ ಕೊಡಿ. ನಿಮ್ಮಲ್ಲೇ ಮತ್ತೆ ಹಾಕಿಸುವ ಧೈರ್ಯ ನನಗಿಲ್ಲ.

ರಸೀದಿಯ ನಕಲು, ಗಂಟುಗಳ ಮತ್ತು ಗುಳ್ಳೆಯ ಫೋಟೋ ಜೊತೆಗಿಟ್ಟಿದ್ದೇನೆ. ಹದಿನೈದು ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ಇಂತಿ,
ನಿಮ್ಮ ಗ್ರಾಹಕಿ