ಟೆನಿಸ್ ಫಲಿತಾಂಶ ಹಾಕುವಾಗ ಆಡಿದ ಅಂಕಣ ಯಾವುದೆಂದೂ ಬರೆಯಿರಿ

ಎಲ್ಲರಿಗೂ ನಮಸ್ಕಾರ. ಟೆನಿಸ್ ಆಟಗಾರರಲ್ಲಿ ಪೀಟ್ ಸಾಂಪ್ರಾಸ್ ಮೇಲೋ ರಫೆಲ್ ನಡಾಲ್ ಮೇಲೋ ಎಂಬ ಚರ್ಚೆ ನಿನ್ನೆ ಇಲ್ಲಿ ಜೋರಾಗಿಯೇ ನಡೆಯಿತು. ಓದಿ ಖುಷಿಯಾಯಿತು. ಆದರೆ ಬರೀ ಒಟ್ಟು ಪ್ರಶಸ್ತಿಗಳನ್ನು ಎಣಿಸಿದರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ, ಅಲ್ವಾ? ಯಾವ ನೆಲದ ಅಂಕಣದಲ್ಲಿ ಗೆದ್ದರು ಎಂಬುದನ್ನೂ ನೋಡಬೇಕು.

ಸಾಂಪ್ರಾಸ್ ವಿಂಬಲ್ಡನ್ ಹುಲ್ಲಿನ ಮೇಲೆ 7 ಸಲ ಗೆದ್ದವರು. ಪ್ಯಾರಿಸ್‌ನ ಫ್ರೆಂಚ್ ಓಪನ್ ನಡೆಯುವ ಮಣ್ಣಿನಲ್ಲಿ ಒಮ್ಮೆಯೂ ಫೈನಲ್ ತಲುಪಲಿಲ್ಲ, 1996ರಲ್ಲಿ ಸೆಮಿಫೈನಲ್‌ವರೆಗೆ ಬಂದದ್ದೇ ಹೆಚ್ಚು. ನಡಾಲ್ ಅದೇ ಪ್ಯಾರಿಸ್‌ನಲ್ಲಿ 14 ಸಲ ಗೆದ್ದರು, ವಿಂಬಲ್ಡನ್‌ನಲ್ಲಿ 2 ಸಲ. ಹುಲ್ಲಿನ ಮೇಲೆ ಚೆಂಡು ಜಾರಿಕೊಂಡು ತಗ್ಗಾಗಿ ಬರುತ್ತದೆ. ಜೋರಾಗಿ ಸರ್ವ್ ಮಾಡುವವರಿಗೆ ಅದೇ ಬಲ. ಮಣ್ಣಿಗೆ ಬಿದ್ದ ಚೆಂಡು ನಿಧಾನವಾಗಿ, ಜಾಸ್ತಿ ಎತ್ತರಕ್ಕೆ ಪುಟಿಯುತ್ತದೆ. ಎಡಗೈಯ ನಡಾಲ್ ಟಾಪ್‌ಸ್ಪಿನ್ ಹಾಕಿ, ಅಂದರೆ ಚೆಂಡು ಮುಂದಕ್ಕೆ ಸುತ್ತುವಂತೆ ಹೊಡೆದರೆ, ಅದು ಬಲಗೈ ಆಟಗಾರ ರೋಜರ್ ಫೆಡರರ್ ಅವರ ಬ್ಯಾಕ್‌ಹ್ಯಾಂಡ್ ಕಡೆ, ಅಂದರೆ ಎಡಬದಿಗೆ, ಭುಜದ ಮಟ್ಟಕ್ಕೆ ಏಳುತ್ತಿತ್ತು. ಒಂದೇ ಕೈಯಲ್ಲಿ ಅದನ್ನು ಎದುರಿಸುವುದು ಎಷ್ಟು ಕಷ್ಟ, ನೋಡಿ.

2007ರ ಮೇ ತಿಂಗಳಲ್ಲಿ ನಡಾಲ್, ಫೆಡರರ್ ಇಬ್ಬರಿಗಾಗಿ ಸ್ಪೇನ್‌ನ ಮಯೋರ್ಕಾದಲ್ಲಿ ಒಂದು ವಿಶೇಷ ಅಂಕಣವನ್ನೇ ಮಾಡಿದ್ದರು. ನೆಟ್‌ನ ಈ ಕಡೆ ಹುಲ್ಲು, ಆ ಕಡೆ ಮಣ್ಣು! ಬದಿ ಬದಲಾದಾಗಲೆಲ್ಲ ಇಬ್ಬರೂ ಶೂ ಬದಲಿಸಬೇಕಿತ್ತು. ನಡಾಲ್ ಗೆದ್ದರು, ಅದೂ ಮೂರನೇ ಸೆಟ್‌ನ ಟೈಬ್ರೇಕ್‌ನಲ್ಲಿ (ಸೆಟ್ ಸಮವಾದಾಗ ಆಡುವ ನಿರ್ಣಾಯಕ ಗೇಮ್). ಆ ವಿಡಿಯೊ ಸಿಕ್ಕರೆ ದಯವಿಟ್ಟು ಇಲ್ಲಿ ಹಾಕಿ, ನನಗಂತೂ ಎಷ್ಟು ಸಲ ನೋಡಿದರೂ ಸಾಲದು.

ಇನ್ನು ಮುಂದೆ ಯಾವ ಪಂದ್ಯದ ಫಲಿತಾಂಶ ಹಾಕಿದರೂ ಹುಲ್ಲು, ಮಣ್ಣು ಅಥವಾ ಹಾರ್ಡ್ ಕೋರ್ಟ್ (ಗಟ್ಟಿ ನೆಲದ ಅಂಕಣ) ಎಂದು ಪಕ್ಕದಲ್ಲೇ ಬರೆಯಿರಿ. ಹಳೆಯ ಪಂದ್ಯವಾದರೆ ವರ್ಷವನ್ನೂ ಸೇರಿಸಿ.